ದೊಡ್ಡವ್ವ ಬೆಳಗದ ಆರತಿ

ಇವತ್ತು ಬೆಳಿಗ್ಗೆ ಪಕ್ಕದ ಮನೆಯಲ್ಲಿ ಯಾರೋ ಜೋಳದ ರೊಟ್ಟಿ ಬಡಿಯುತ್ತಿದ್ದರು. ಹಂಚಿನ ಮೇಲೆ ಹಿಟ್ಟು ಸುಟ್ಟ ವಾಸನೆ ಬಂದದ್ದೇ ತಡ, ನಾನು ಮತ್ತೆ ನಮ್ಮೂರು ತಿಕೋಟಾದಲ್ಲಿದ್ದೆ. ಮೈಮೇಲೆ ಇಳಕಲ್ ಸೀರೆ, ಎದುರಿಗೆ ಇಡೀ ಊರು...

ನಮ್ಮ ಓಣಿಯ ದೊಡ್ಡಪ್ಪ ಬ್ರಿಟಿಷರಿಗೆ ದೇಶ ಬಿಡಿ ಎಂದ ಚಲೇಜಾವ್ ಚಳವಳಿಯ ಮುಖಂಡ. ಎರಡನೇ ಮಹಾಯುದ್ಧದ ಕಾಲದಲ್ಲಿ ಚಳವಳಿಗೆಂದು ಮನೆ ಬಿಟ್ಟು ಹೊರಟವನು ದಾರಿಯ ಊರು ತೊರವಿ ದಾಟುವುದರೊಳಗೆ ಪೊಲೀಸರಿಗೆ ಸಿಕ್ಕಿಬಿದ್ದು ಬಿಜಾಪುರದ ಜೈಲು ಸೇರಿದ್ದ. ಸ್ವಾತಂತ್ರ್ಯ ಬಂದ ಮೇಲೆ ನಾವು ಹುಡುಗರು ಅದನ್ನೇ ನಾಟಕ ಕಟ್ಟಿದೆವು. ನಮ್ಮೂರಲ್ಲಿ ಆಗ ಹೆಂಗಸರು ಬಣ್ಣ ಹಚ್ಚುತ್ತಿರಲಿಲ್ಲ. ನನಗಿನ್ನೂ ಮೀಸೆ ಚಿಗುರಿರಲಿಲ್ಲ. ದೊಡ್ಡಪ್ಪನ ಹೆಂಡತಿ ದೊಡ್ಡವ್ವನ ಪಾತ್ರ ನನ್ನ ಕೊರಳಿಗೆ ಬಿತ್ತು. ನಾಟಕ ಬರೆದ ಮಾಸ್ತರರು ನನ್ನ ಕೈಗೆ ಆರತಿ ತಟ್ಟೆ ಕೊಟ್ಟು, ಗಂಡನನ್ನು ದೇಶಕ್ಕೆ ಒಪ್ಪಿಸುವ ಉದ್ದನೆಯ ಮಾತು ಕಲಿಸಿದರು.

ತಾಲೀಮು ನೋಡಲು ಬಂದ ದೊಡ್ಡವ್ವ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಯಪ್ಪಾ, ನಾ ಯಾವಾಗ ಆರತಿ ಬೆಳಗಿನೋ? ಅವರು ಹೊಂಟಾಗ ರೊಟ್ಟಿ ಬಡಿಯಾಕತ್ತಿದ್ದೆ. ಉಂಡ ಹೋಗ್ರಿ, ದೇಶ ಎಲ್ಲಿಗೂ ಓಡಿ ಹೋಗೂದಿಲ್ಲ ಅಂದೆ. ತಿರುಗಿ ಸುದ್ದಾ ನೋಡಲಿಲ್ಲ." ಆಮೇಲೆ ಅವಳ ನಗು ನಿಂತಿತು. "ಅವರು ಜೈಲಿನ್ಯಾಗ ಇರೂತನಕ ಸಿಟ್ಟ ಮಾಡೇನಿ ನಾ. ಅದನ್ನ ಆರತಿ ಬೆಳಗಿ ಮುಗಸ್ತೀರೇನು?"

ಸುಳ್ಳಲ್ಲ. ವಾರ ವಾರ ಜೈಲಿಗೆ ರೊಟ್ಟಿಯ ಬುತ್ತಿ ಕಳಿಸುತ್ತಿದ್ದಳು, ಒಂದು ಮಾತು ಮಾತ್ರ ಕಳಿಸಲಿಲ್ಲ. ಗಂಡನ ಮೇಲೆ ಅಭಿಮಾನವೂ ಇತ್ತು, ಮೈತುಂಬ ಸಿಟ್ಟೂ ಇತ್ತು. ಅವನು ಬಿಡುಗಡೆಯಾಗಿ ಬಂದ ಮೇಲೂ ಇಬ್ಬರೂ ಆ ದಿನದ ಸುದ್ದಿ ಎತ್ತಿರಲಿಲ್ಲ. ಊರು ಆಗಲೇ ಅವಳನ್ನು ನಗುತ್ತಾ ಕಳಿಸಿಕೊಟ್ಟ ಮಹಾತಾಯಿ ಮಾಡಿಬಿಟ್ಟಿತ್ತು.

"ದೇಶಭಕ್ತರ ಹೆಂಡ್ತಿ ರೊಟ್ಟಿ ಬಡದ್ರ ಜನ ನಗ್ತಾರ್ರಿ" ಎಂದರು ಮಾಸ್ತರರು.

"ನಗಲಿ ಬಿಡ್ರಿ" ಎಂದಳು ದೊಡ್ಡವ್ವ. ನನ್ನನ್ನು ಒಲೆಯ ಮುಂದೆ ಕೂರಿಸಿಕೊಂಡು ರೊಟ್ಟಿ ಬಡಿಯಲು ಕಲಿಸಿದಳು. ನನ್ನ ರೊಟ್ಟಿಗಳನ್ನು ಅವರ ಎಮ್ಮೆಯೂ ಮೂಸಿ ಬಿಟ್ಟಿತು.

ನಾಟಕದ ದಿನ ದೊಡ್ಡಪ್ಪ ಶಾಲು ಹೊದ್ದು ಮುಂದಿನ ಸಾಲಿನಲ್ಲಿ ಕೂತಿದ್ದ. ಆರತಿ ತಟ್ಟೆ ನನ್ನ ಕೈಗೆ ಬಂತು. ಪರದೆಯ ಸಂದಿನಿಂದ ಮಾಸ್ತರರು ಕಣ್ಣು ಬಿಡುತ್ತಿದ್ದರು. ಹೆಂಗಸರ ನಡುವೆ ದೊಡ್ಡವ್ವನ ಮುಖ ಕಂಡಿತು... ತಟ್ಟೆ ಕೆಳಗಿಟ್ಟೆ. ಕಾಲು ಮಡಚಿ ಕೂತು ಬರಿಗೈಯಲ್ಲೇ ರೊಟ್ಟಿ ಬಡಿಯುತ್ತಾ ಕೂಗಿದೆ: "ಉಂಡ ಹೋಗ್ರಿ! ದೇಶ ಎಲ್ಲಿಗೂ ಓಡಿ ಹೋಗೂದಿಲ್ಲ!"

ಜನ ಬಿದ್ದು ಬಿದ್ದು ನಕ್ಕರು. ದೊಡ್ಡಪ್ಪ ಎದ್ದು ನಿಂತ. ಅವನು ನನ್ನ ಕಡೆ ನೋಡಲೇ ಇಲ್ಲ. ಹೆಂಗಸರ ಕಡೆ ತಿರುಗಿ, ಭಾಷಣ ಮಾಡುವ ದೊಡ್ಡ ದನಿಯಲ್ಲೇ, "ತಪ್ಪಾತು ಬೇ, ಉಂಡ ಹೋಗಬೇಕಿತ್ತು" ಎಂದ.

ದೊಡ್ಡವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಭುಜಗಳು ಕುಣಿಯುತ್ತಿದ್ದವು. ಆಮೇಲೆ ಅಲ್ಲಿಂದಲೇ ಕೂಗಿದಳು: "ನಾಟಕ ಮುಗಸ್ಕೊಂಡ ಬರ್ರಿ, ಬಡಿಸ್ತೇನಿ!" ಅಷ್ಟು ಸಂತೋಷ ನಾನು ಮತ್ತೆ ಯಾವ ರಂಗದ ಮೇಲೂ ಪಡಲಿಲ್ಲ.

ಇಬ್ಬರೂ ಹೋಗಿ ಎಷ್ಟೋ ಕಾಲವಾಯಿತು. ಇವತ್ತು ಸಂಜೆ ದೊಡ್ಡಪ್ಪನ ಸ್ಮರಣೆಯ ಸಭೆಯಲ್ಲಿ ಭಾಷಣಕಾರರೊಬ್ಬರು, ಅವರ ಧರ್ಮಪತ್ನಿ ಆರತಿ ಬೆಳಗಿ ನಗುತ್ತಾ ಕಳಿಸಿಕೊಟ್ಟರು ಎಂದರು. ಚಪ್ಪಾಳೆ ಬಿತ್ತು. ನಾನು ಕೋಲೂರಿ ಎದ್ದೆ. ಮಾತಿಗಿಂತ ಮೊದಲು ಕೈ ತಾನಾಗಿ ರೊಟ್ಟಿ ಬಡಿಯತೊಡಗಿತು. "ಉಂಡ ಹೋಗ್ರಿ..." ಎಂದೆ.

ಯಾರೂ ನಗಲಿಲ್ಲ. ದೊಡ್ಡವ್ವನನ್ನು ಕಂಡವರು ನನ್ನ ಹೊರತು ಅಲ್ಲಿ ಯಾರೂ ಉಳಿದಿರಲಿಲ್ಲ.