ಸೋಡಾ ನೀರಿಗೆ ಬಿದ್ದ ತೊಟ್ಟಿಲ ಹಾಸು

೧೯೭೪ರಲ್ಲಿ ನಮ್ಮ ಅತ್ತೆ ತೀರಿಕೊಂಡರು. ನಾನು ಸುರೇಬಾನದವಳು, ಸವದತ್ತಿಗೆ ಸೊಸೆಯಾಗಿ ಬಂದು ಆಗ ನಾಲ್ಕು ವರ್ಷವಾಗಿತ್ತು. ಪೌರೋಹಿತ್ಯದ ಮನೆತನ. ಮಡಿ-ಮೈಲಿಗೆ ಎಂದರೆ ಕೇಳುವುದೇ ಬೇಡ.

ಅತ್ತೆಯ ಹತ್ತಿರ ಒಂದು ತೊಟ್ಟಿಲ ಹಾಸು ಇತ್ತು. ಅವರ ತಾಯಿ ಕೈಯಾರೆ ಕಸೂತಿ ಹಾಕಿದ್ದು. ಬಿಳಿ ಬಟ್ಟೆಯ ಮೇಲೆ ಕೆಂಪು, ಹಸಿರು ರೇಷ್ಮೆ ದಾರದ ಗೋಪುರ, ತುಳಸಿಕಟ್ಟೆ, ಸಾಲು ಗಿಳಿಗಳು. ಎಲ್ಲೂ ಒಂದು ಗಂಟಿಲ್ಲ. ಒಳಮೈ ಯಾವುದು, ಹೊರಮೈ ಯಾವುದು ತಿಳಿಯದು. ನನ್ನ ಗಂಡ, ನಾದಿನಿ ಶಾಂತಾ ಇಬ್ಬರೂ ಮಲಗಿ ಬೆಳೆದದ್ದು ಅದರ ಮೇಲೆಯೇ. ಅದನ್ನು ತೊಳೆಯುವ ಬಗೆಯನ್ನು ಅತ್ತೆ ನನಗೊಬ್ಬಳಿಗೇ ಕಲಿಸಿದ್ದರು. ಅಂಟವಾಳದ ನೊರೆ, ತಣ್ಣೀರು. ಹಿಂಡುವಂತಿಲ್ಲ, ಬಿಸಿಲಿಗೆ ಹಾಕುವಂತಿಲ್ಲ. "ಮಡಚಬ್ಯಾಡವಾ, ಮಡಚಿದಲ್ಲೇ ಹರೀತದ. ಸುತ್ತಿಡು" ಅನ್ನುತ್ತಿದ್ದರು.

ಕೊನೆಯ ದಿನ ಅದನ್ನು ತರಿಸಿ ಎದೆಯ ಮೇಲೆ ಇಟ್ಟುಕೊಂಡರು. "ಇದು ಶಾಂತಾನ ಕೂಸಿಗೆ" ಅಂದರು. ಶಾಂತಾ ಆಗ ಬೈಲಹೊಂಗಲದ ಗಂಡನ ಮನೆಯಲ್ಲಿ ಹಸಿ ಬಾಣಂತಿ. ತಾಯಿಯ ಮುಖ ನೋಡಲು ಕೂಡ ಅವಳಿಗೆ ಬರಲಾಗಲಿಲ್ಲ.

ಹತ್ತನೆಯ ದಿನ ಸೂತಕದ ಮನೆಯ ಅರಿವೆಗಳನ್ನೆಲ್ಲ ತೊಳೆಯಬೇಕು. ಮಾವನ ಅಕ್ಕ ಅಂಬಕ್ಕನವರು ಹಿತ್ತಲಲ್ಲಿ ಹಂಡೆ ಇಡಿಸಿ, ಬಟ್ಟೆ ಸೋಡಾ ಸುರಿದು ಕುದಿಸಲು ಹಚ್ಚಿದ್ದರು. ನಾನು ಹಾಸನ್ನು ಬೇರೆ ಇಟ್ಟುಕೊಂಡು ನಿಂತಿದ್ದೆ.

"ಅದನ್ಯಾಕ ಬಗಲಾಗ ಹಿಡಕೊಂಡು ನಿಂತಿ?" ಅಂದರು.

"ಇದನ್ನ ಅಂಟವಾಳದಾಗ ತೊಳೀತೀನ್ರಿ. ರೇಶಿಮಿ ಅದ, ಸೋಡಾ ತಡಿಯೂದಿಲ್ರಿ."

"ಜೀವ ಹೋಗೂಮುಂದ ಮೈಮ್ಯಾಲಿದ್ದ ಅರಿವಿ ಅದು! ನೊರಿ ಹಚ್ಚಿ ಆಟ ಆಡ್ತೀಯೇನ? ಹಾಕು ಹಂಡೇದಾಗ. ನಿನ್ನ ಶಾಣ್ಯಾತನ ನಿಮ್ಮ ಸುರೇಬಾನದಾಗ ಇಟ್ಕೋ."

ಸುತ್ತ ಓಣಿಯ ಹೆಂಗಸರೆಲ್ಲ ಇದ್ದರು. ಹಾಕಿಬಿಟ್ಟೆ.

ಕೋಲಿನಿಂದ ಎತ್ತಿದಾಗ ಬಟ್ಟೆಯ ತುಂಬ ಕೆಂಪು ಹರಿದಿತ್ತು. ದಾರ ಅಂಟಂಟಾಗಿ ಬೆರಳಿಗೆ ಬರುತ್ತಿತ್ತು. ಓಡಿಹೋಗಿ ತಣ್ಣೀರಿನಲ್ಲಿ ಅದ್ದಿದೆ, ಅದ್ದಿದಷ್ಟೂ ಬಿಟ್ಟುಬಂತು. ಗಿಳಿಗಳಿದ್ದಲ್ಲಿ ಸೂಜಿಯ ತೂತು ಮಾತ್ರ ಉಳಿದವು. ಅಯ್ಯೋ ದೇವರೇ, ನನ್ನ ಕೈ ಸೇದಿಹೋಗಬಾರದಿತ್ತೇ ಅನ್ನಿಸಿತು.

ಅದೇ ಮಧ್ಯಾಹ್ನ, ಹೆರಿಗೆಯ ಪುರುಡು ಕಳೆದಿದ್ದರಿಂದ, ಶಾಂತಾ ಬಂದಳು. ಕೂಸನ್ನು ಎದೆಗೆ ಅವಚಿಕೊಂಡಿದ್ದಳು. ಅತ್ತು ಮುಗಿಸಿ, ಕಣ್ಣೊರೆಸಿಕೊಂಡು, "ವೈನಿ, ಹಾಸು ಎಲ್ಲದ?" ಎಂದು ಕೇಳಿದಳು. ಅವಳಿಗೆ ತಾಯಿಯಿಂದ ಉಳಿದದ್ದು ಅದೊಂದೇ.

ನಾನು ಆ ಒದ್ದೆ ಬಟ್ಟೆಯನ್ನು ತಂದು ಕೊಟ್ಟೆ. ಅವಳು ಅದನ್ನು ಬಹಳ ಹೊತ್ತು ತಿರುವಿ ಮುರುವಿ ನೋಡಿದಳು. ಅಂಬಕ್ಕ ಪಡಸಾಲೆಯಿಂದಲೇ, "ನಿಮ್ಮ ವೈನೀನ ಅದನ್ನ ಹಂಡೇದಾಗ ಹಾಕಿದ್ಲವಾ" ಅಂದರು. ಸುಳ್ಳೇನಲ್ಲ, ಹಾಕಿದ್ದು ನಾನೇ.

ಶಾಂತಾ ಬೈಯಲಿಲ್ಲ. "ಅವ್ವ ನಿಮಗ ಕಲಿಸಿದ್ಲಲ್ಲ ವೈನಿ. ನಿಮಗ ಗೊತ್ತಿತ್ತಲ್ಲ" ಅಂದಳು, ಅಷ್ಟೇ. ಸಂಜೆಯ ಬಸ್ಸಿಗೆ ಕೂಸನ್ನು ತನ್ನ ಹಳೆಯ ಸೀರೆಯಲ್ಲಿ ಸುತ್ತಿಕೊಂಡು ಹೊರಟಳು. ಹಾಸನ್ನು ಹಿತ್ತಲ ತಂತಿಯ ಮೇಲೆ ಹರವಿ, ಅಲ್ಲೇ ಬಿಟ್ಟು ಹೋದಳು.

ಆಮೇಲೆ ನಾನು ಎಷ್ಟೋ ಸಲ ಬೈಲಹೊಂಗಲಕ್ಕೆ ಹೋಗಿದ್ದೇನೆ. ಚಹಾ ಕೊಡುತ್ತಿದ್ದಳು, ಎಲ್ಲರ ಕ್ಷೇಮ ಕೇಳುತ್ತಿದ್ದಳು. ಸವದತ್ತಿಗೆ ಮಾತ್ರ ಮತ್ತೆ ಬರಲಿಲ್ಲ. ಈ ಸಲ "ತಪ್ಪಾತವಾ" ಎಂದು ಹೇಳಿಯೇ ಬಿಡಬೇಕು ಅಂದುಕೊಂಡು ಹೋಗುತ್ತಿದ್ದೆ, ಚಹಾ ಕುಡಿದು ಹಾಗೇ ಎದ್ದು ಬರುತ್ತಿದ್ದೆ. ಈಗ ಅವಳೂ ಇಲ್ಲ. ಇನ್ನು ಯಾರ ಹತ್ತಿರ ಹೇಳಲಿ?

ಒಂದು ಸಲ "ಇಲ್ಲ, ಹಾಕೂದಿಲ್ರಿ" ಎಂದಿದ್ದರೆ ಏನಾಗುತ್ತಿತ್ತು ಎಂದು ಇವತ್ತಿಗೂ ಕೇಳಿಕೊಳ್ಳುತ್ತೇನೆ. ಅಂಬಕ್ಕ ನಾಲ್ಕು ಮಾತು ಬೈಯುತ್ತಿದ್ದರು. ಸಂಜೆಯ ಹೊತ್ತಿಗೆ ಅವರೇ ಮರೆತುಬಿಡುತ್ತಿದ್ದರು.