ಪುಕ್ಕಲಕ್ಕನ ಲಿಫ್ಟು

ನಮ್ಮ ಕಟ್ಟಡದ ಕ್ವಾಲಿಟಿ ಇಂಜಿನಿಯರಿಗೆ ನಾವಿಟ್ಟ ಹೆಸರು ಪುಕ್ಕಲಕ್ಕ. ಬೇರೆಯವರು ಮಾಡಿಟ್ಟ ಕೆಲಸವನ್ನು ಅನುಮಾನಿಸುವುದೇ ಅವಳ ಉದ್ಯೋಗ. ಪಂಪು, ಪೈಪು, ಬೆಂಕಿಯ ಅಲಾರಂ, ಎಲ್ಲವನ್ನೂ ಮುಟ್ಟಿ, ಮೂಸಿ, ಕಿವಿಗೊಟ್ಟು ನೋಡುತ್ತಾಳೆ. ಧೈರ್ಯವಂತರು ಈ ಕೆಲಸಕ್ಕೆ ಲಾಯಕ್ಕಲ್ಲ ಅಂತ ನನ್ನ ಅಭಿಪ್ರಾಯ. ಆದರೆ ಸ್ಟೋರ್ ನೋಡಿಕೊಳ್ಳುವ ನನ್ನಂಥವನ ಮಾತು ಯಾರಿಗೆ ಬೇಕು?

ಅವಳಿಗೆ ಎಲ್ಲಕ್ಕಿಂತ ಭಯ ಲಿಫ್ಟಿನದು. ನಮ್ಮಲ್ಲೊಂದು ರೂಢಿಯಿದೆ: ರಿಪೇರಿಯಾದ ಲಿಫ್ಟಿಗೆ ಯಾರು ಸೈ ಅನ್ನುತ್ತಾರೋ ಅವರೇ ಮೊದಲು ಹತ್ತಬೇಕು. ಆ ದಿನ ರಿಪೇರಿ ಮಾಡಿದ್ದವನು ಅವಳ ಸ್ವಂತ ತಮ್ಮ, ನಮ್ಮ ಲಿಫ್ಟ್ ಮೆಕ್ಯಾನಿಕ್. ಮೇಲಿನ ಮೋಟರು ಕಿರುಗುಟ್ಟುತ್ತದೆ ಎಂದು ಬಾಡಿಗೆದಾರರು ಗೊಣಗಿದ್ದರು. ಅವನು ಧಾರಾಳವಾಗಿ ಎಣ್ಣೆ ಬಿಟ್ಟು ಸದ್ದಡಗಿಸಿದ್ದ.

"ಹತ್ತಕ್ಕಾ, ಬೆಣ್ಣೆ ಥರ ಹೋಗುತ್ತೆ."

ಅವಳು ಬಾಗಿಲಲ್ಲೇ ನಿಂತಳು. "ಮೊದಲು ಮರಳಿನ ಮೂಟೆ ಹಾಕು."

"ನನ್ನ ಮೇಲೇ ನಂಬಿಕೆ ಇಲ್ವಾ ನಿಂಗೆ?"

"ಇಲ್ಲ ಕಣೋ. ಹಾಕು."

ಮುಖ ಊದಿಸಿಕೊಂಡು ಅವನು ಮೂಟೆ ಹೊತ್ತ. ಅವಳನ್ನು ಮನಸ್ಸಿನಲ್ಲೇ ಬೈದುಕೊಳ್ಳುತ್ತ ನಾನೂ ಕೈಜೋಡಿಸಿದೆ. ತುಂಬಿದ ಲಿಫ್ಟು ಮೇಲೆ ಹೋಯಿತು. ಬಾಗಿಲ ಮೇಲಿನ ಅಂಕಿ ಐದಕ್ಕೆ ಬಂದು ನಿಂತಿತು. ನಾನು ನಗಬೇಕು ಅನ್ನುವಷ್ಟರಲ್ಲಿ ಅದು ತಾನಾಗಿಯೇ ನಾಲ್ಕಾಯಿತು. ಮೂರಾಯಿತು. ಯಾರೂ ಬಟನ್ ಒತ್ತಿರಲಿಲ್ಲ. ಆಮೇಲೆ ನಮ್ಮ ಕಾಲಡಿಯ ನೆಲ ಅದುರುವ ಹಾಗೆ ಲಿಫ್ಟು ಧಡ್ ಎಂದು ತಳಕ್ಕೆ ಬಡಿಯಿತು.

ಮೋಟರಿಗೆ ಬಿಟ್ಟ ಎಣ್ಣೆ ಜಿನುಗಿ, ಲಿಫ್ಟನ್ನು ಹಿಡಿದು ನಿಲ್ಲಿಸುವ ಬ್ರೇಕಿನ ಪಟ್ಟಿಗೆ ತಾಗಿತ್ತು. ಸದ್ದಿನ ಜೊತೆಗೆ ಹಿಡಿತವೂ ಹೋಗಿತ್ತು. ತಮ್ಮನ ಮುಖದಲ್ಲಿ ರಕ್ತವೇ ಇರಲಿಲ್ಲ. ನಾನಂತೂ ಅಲ್ಲೇ ಕುಕ್ಕರಿಸಿದೆ. ಅವಳು ಗೋಡೆ ಹಿಡಿದುಕೊಂಡು ವಾಂತಿ ಮಾಡಿದಳು.

ವಾರ ಕಳೆದು, ಹೊಸ ಪಟ್ಟಿ ಹಾಕಿ, ಮೂಟೆ ತುಂಬಿ ಮತ್ತೆ ಮತ್ತೆ ನೋಡಿದ್ದಾಯಿತು. ಲಿಫ್ಟು ನಿಂತಲ್ಲಿಂದ ಅಲುಗಲಿಲ್ಲ. ಇನ್ನು ಅವಳ ಸರದಿ. ಹತ್ತಿದಳು. ಒಳಗಿನ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಹಿಂದೆಯೇ ತಮ್ಮನೂ ಒಳಗೆ ಕಾಲಿಟ್ಟ.

"ಇಳಿಯೋ."

"ನಾನೂ ಬರ್ತೀನಿ. ರಿಪೇರಿ ಮಾಡಿದ್ದು ನಾನೇ ತಾನೆ?"

"ಇಬ್ರೂ ಒಟ್ಟಿಗೆ ಬೇಡ. ಅಮ್ಮನಿಗೆ ಒಬ್ಬರಾದ್ರೂ ಬೇಕು. ಇಳಿ ಅಂದೆ."

ಅವನು ಇಳಿದ. ಬಾಗಿಲು ಮುಚ್ಚಿದ್ದೇ ತಡ, ಮೆಟ್ಟಿಲ ಕಡೆ ಓಡಿದ. ಪ್ರತಿ ಅಂತಸ್ತಿನಲ್ಲೂ ಲಿಫ್ಟಿನ ಬಾಗಿಲು ಬಡಿದು "ಅಕ್ಕಾ, ಇದೀಯಾ?" ಎಂದು ಕೂಗುತ್ತಿದ್ದ. "ಇದೀನಿ ಕಣೋ" ಎಂದು ಒಳಗಿನಿಂದ ಅವಳ ಒಣಗಿದ ದನಿ. ಕೆಳಗೆ ನಿಂತು ನಾನು ಅದನ್ನೇ ಆಲಿಸುತ್ತಿದ್ದೆ. ಐದನೆಯ ಅಂತಸ್ತಿನಲ್ಲಿ ಅವನು ಏದುಸಿರು ಬಿಡುತ್ತ ಕೂಗಿದ. ಉತ್ತರ ಬರುವವರೆಗೆ ನಾನು ಉಸಿರಾಡಲಿಲ್ಲ.