ನಾಲ್ಕು ಬೆರಳು ದೊಡ್ಡ ಸೈಕಲ್ಲು

ಅಂಗಡಿಯವನು ನನಗೆ ಮೋಸ ಮಾಡಲಿಲ್ಲ. ಮುದುಕಿ ಒಬ್ಬಳೇ ಹೋದಳು, ಶಿವಾಜಿನಗರದವನು ತಲೆಗೆ ಕಟ್ಟಿ ಕಳಿಸಿದ ಅಂತ ನಮ್ಮ ಮನೆಯಲ್ಲಿ ಇವತ್ತಿಗೂ ಹೇಳುವವರಿದ್ದಾರೆ. ಸುಳ್ಳು. ಅವನು ಬೇಡ ಬೇಡ ಅಂದ. ನಾನೇ ಜಗಳ ಮಾಡಿ ತಪ್ಪು ಸೈಕಲ್ಲು ತಂದೆ.

ಆಗ ಹಲಸೂರಿನಲ್ಲಿ ನಮ್ಮ ಬೀದಿಯ ಕೊನೆಗೆ ಅರ್ಧಕ್ಕೆ ನಿಂತ ಕಟ್ಟಡವೊಂದಿತ್ತು. ಗೋಡೆಯಿಲ್ಲ, ಬರೀ ಸಿಮೆಂಟ್ ನೆಲ, ಕಾರು ಹತ್ತಿಸಲು ಮಾಡಿದ ಒಂದು ಇಳಿಜಾರು. ಸಂಜೆಯಾದರೆ ಐದಾರು ಮಕ್ಕಳು ಅಲ್ಲಿ ಗಿಡ್ಡ ಸೈಕಲ್ಲುಗಳ ಮೇಲೆ ಕೋತಿಯಾಟ ಆಡುತ್ತಿದ್ದರು. ಮುಂದಿನ ಚಕ್ರ ಎತ್ತುವುದು, ಹಿಂದಿನ ಚಕ್ರದ ಮೇಲೆ ಕುಪ್ಪಳಿಸುವುದು. ಬಿಎಂಎಕ್ಸ್ ಅನ್ನುತ್ತಿದ್ದರು. ನನ್ನ ಮಗನ ಮಗಳು, ಹತ್ತು ವರ್ಷದವಳು, ದಿನಾ ಅಲ್ಲಿ ಹೋಗಿ ನಿಲ್ಲುತ್ತಿದ್ದಳು. "ನಿನ್ದೇ ಸೈಕಲ್ ತಗೊಂಡ್ ಬಾ, ಸೇರಿಸ್ಕೋತೀವಿ. ನಮ್ದು ಕೊಡಲ್ಲ" ಅಂದಿದ್ದಳಂತೆ ಅವರಲ್ಲಿ ದೊಡ್ಡವಳು. ಇವಳಿಗೆ ಬೇಕಾಗಿದ್ದದ್ದು ಅಷ್ಟೇ, ಆ ನೆಲದ ಮೇಲೆ ಒಂದು ಜಾಗ. ಊಟವೇನೂ ಬಿಡಲಿಲ್ಲ, ಆದರೆ ಬೇರೆ ಮಾತೇ ಆಡಲಿಲ್ಲ.

ಕೊಡಿಸುತ್ತೇನೆ ಅಂದೆ. ಮಕ್ಕಳನ್ನು ಅಂಗಡಿಗೆ ಕರೆದುಕೊಂಡು ಹೋಗುವ ರೂಢಿ ನಮ್ಮಲ್ಲಿಲ್ಲ, ಕಂಡದ್ದನ್ನೆಲ್ಲ ಕೇಳುತ್ತವೆ. ಚಪ್ಪಲಿ ತರುವುದಾದರೆ ಮಗುವಿನ ಪಾದಕ್ಕೆ ಪೊರಕೆ ಕಡ್ಡಿ ಹಿಡಿದು, ಅಳತೆಗೆ ಮುರಿದು, ಅದನ್ನು ಒಯ್ಯುತ್ತಿದ್ದೆ. ಎರಡು ಬೆರಳು ದೊಡ್ಡದು ತರುತ್ತಿದ್ದೆ. ಸೈಕಲ್ಲಿಗೂ ಹಾಗೇ, ಮೊಮ್ಮಗಳು ಮಲಗಿದ್ದಾಗ ಹಿಮ್ಮಡಿಯಿಂದ ಸೊಂಟದವರೆಗೆ ದಾರ ಹಿಡಿದೆ. ಸೈಕಲ್ಲು ಚಪ್ಪಲಿಗಿಂತ ಹೆಚ್ಚು ಬಾಳಬೇಕಲ್ಲ, ಅದಕ್ಕೆ ನಾಲ್ಕು ಬೆರಳು ಸೇರಿಸಿ ಗಂಟು ಹಾಕಿದೆ.

"ಮಗು ಎಲ್ಲಮ್ಮಾ?" ಅಂದ ಅಂಗಡಿಯವನು.

"ಸ್ಕೂಲಲ್ಲಿದೆ. ಅಳತೆ ತಂದಿದೀನಿ ಸಾಬ್ರೇ" ಅಂದು ದಾರ ಕೊಟ್ಟೆ.

"ಲಂಗ ಹೊಲಿಸೋಕೆ ಬಂದ್ರಾ?" ಅಂದ. ಆಮೇಲೆ ಒಂದು ಗಿಡ್ಡ ಸೈಕಲ್ಲು ಎಳೆದು ನಿಲ್ಲಿಸಿದ. ದಪ್ಪ ಟಯರು, ಚಕ್ರದ ಪಕ್ಕ ಕಾಲಿಡಲು ಕಬ್ಬಿಣದ ಗೂಟ. "ಹೊಸದಾಗಿ ಕಲಿಯೋರಿಗೆ ಇದೇ ಸರಿ."

"ಸೀಟು ಮೊಣಕಾಲಿಗೆ ಬರತ್ತೆ. ಐದು ವರ್ಷದ ಮಗೂದು ಇದು."

"ಆಟ ಆಡೋವಾಗ ಇದ್ರಲ್ಲಿ ಕೂರೋದೇ ಇಲ್ಲಮ್ಮಾ, ನಿಂತ್ಕೊಂಡೇ ಓಡ್ಸೋದು. ದೊಡ್ಡೋರೂ ಇದನ್ನೇ ತಗೋತಾರೆ."

"ಕೂರದೇ ಇರೋ ಸೈಕಲ್ಲಿಗೆ ಸೀಟು ಯಾಕ್ರೀ? ಪೂಜೆ ಮಾಡೋಕಾ?"

ಅವನು ಕೋಪ ಮಾಡಿಕೊಳ್ಳಲಿಲ್ಲ. "ಮಗೂನ ಕರ್ಕೊಂಬನ್ನಿ. ಹ್ಯಾಂಡಲ್ ಹಿಡ್ದು ಮುಂದಿನ ಚಕ್ರ ಎತ್ಲಿ. ಎತ್ತೋಕಾದ್ರೆ ಅದೇ ಅವಳ ಅಳತೆ" ಅಂದ.

ಹಿಂದೆ ಅಂಥದ್ದೇ ಕೆಂಪು ಬಣ್ಣದ್ದು ಇನ್ನೊಂದು ನಿಂತಿತ್ತು, ದೊಡ್ಡದು, ಅದಕ್ಕೂ ಗೂಟವಿತ್ತು. ದಾರ ಹಿಡಿದೆ. ಸೀಟು ಗಂಟಿಗೆ ಸರಿಯಾಗಿ ಬಂತು.

"ಅದು ನೋಡೋಕೆ ಮಾತ್ರ ಹಂಗಿದೆ. ಭಾರ ಅಮ್ಮಾ, ಅದ್ರಲ್ಲಿ ಆಟ ಆಗಲ್ಲ."

"ಭಾರ ಇದ್ರೆ ಗಟ್ಟಿ ಇರತ್ತೆ. ಅದನ್ನೇ ಕೊಡಿ."

ಆಟೋದ ಹಿಂದೆ ಕಟ್ಟಿಸಿ ತಂದೆ. ಹುಡುಗಿ ಸುಮಾರು ಹೊತ್ತು ನೋಡಿದಳು. "ದೊಡ್ಡದಾಯ್ತಜ್ಜಿ" ಅಂದಳು. "ಬೆಳೀತೀಯ ಬಿಡು" ಅಂದೆ.

ಸಂಜೆ ಅವಳು ಅದನ್ನು ಆ ನೆಲಕ್ಕೆ ತಳ್ಳಿಕೊಂಡು ಹೋದಳು. ನಾನೂ ಹಿಂದೆಯೇ ಹೋದೆ. ಸೀಟಿನ ಮೇಲೆ ಕೂತರೆ ಕಾಲು ನೆಲಕ್ಕೆ ಎಟುಕುವುದಿಲ್ಲ. ನಿಂತು ತುಳಿದು ಇಳಿಜಾರಿನ ಹತ್ತಿರ ಹ್ಯಾಂಡಲ್ ಜಗ್ಗಿದಳು. ಚಕ್ರ ಒಂದು ಬೆರಳೂ ಏಳಲಿಲ್ಲ. ಮತ್ತೆ ಜಗ್ಗಿದಳು. ಮೂರನೆಯ ಸಲ ಸೈಕಲ್ಲು ಮಗುಚಿತು, ಇವಳು ಕೆಳಗೆ, ಅದು ಮೇಲೆ.

"ಏನೇ, ನಿಮ್ಮಪ್ಪನ್ ಸೈಕಲ್ ತಂದ್ಬಿಟ್ಯಾ?" ಅಂದಳು ಆ ದೊಡ್ಡವಳು.

"ಕ್ಯಾನ್ ಕಟ್ಕೊಂಡು ಹಾಲು ಹಾಕೋಕೆ ಹೋಗು!" ಅಂತ ಇನ್ನೊಬ್ಬ. ಎಲ್ಲ ನಕ್ಕರು.

ಅತ್ತಿದ್ದರೆ ಕರೆದುಕೊಂಡು ಬರುತ್ತಿದ್ದೆ. ಅವಳು ಅಳಲಿಲ್ಲ. ಎದ್ದಳು, ಮತ್ತೆ ಜಗ್ಗಿದಳು. ಜ್ವರ ಬಂದರೆ ಏನು ಮಾಡಬೇಕು, ಹಸು ಕರು ಹಾಕುವಾಗ ಕೈ ಎಲ್ಲಿಡಬೇಕು, ಎಲ್ಲ ನನಗೆ ಗೊತ್ತಿತ್ತು. ಇಲ್ಲಿ ಏನನ್ನು ಹಿಡಿಯಬೇಕೋ ತಿಳಿಯಲಿಲ್ಲ. ಜನ್ಮದಲ್ಲಿ ನಾನು ಸೈಕಲ್ಲು ಹತ್ತಿದವಳಲ್ಲ. ಹೋಗಿ ಸೀಟು ಹಿಡಿದುಕೊಂಡೆ.

"ಬಿಡಜ್ಜಿ" ಅಂದಳು ಹಲ್ಲು ಕಚ್ಚಿ. "ಎಲ್ರೂ ನೋಡ್ತಿದಾರೆ."

ಬಿಟ್ಟೆ. ಇಳಿಜಾರಿನ ಪಕ್ಕದಲ್ಲಿ ನಿಂತೆ. ಅವಳು ಇನ್ನೂ ನಾಲ್ಕು ಸಲ ಬಿದ್ದಳು.

ಮಗ ಕೆಲಸದಿಂದ ಬಂದು ಅವಳ ಮೊಣಕೈ ನೋಡಿದ. "ಮುದುಕೀನ ಯಾಮಾರಿಸ್ತಾನಾ ಅವ್ನು? ನಾಳೆ ಹೋಗಿ ವಿಚಾರಿಸ್ಕೋತೀನಿ" ಅಂತ ಕೂಗಾಡಿದ. ಆಗಲೇ ನಿಜ ಹೇಳಬೇಕಿತ್ತು. "ಊಟ ಮಾಡು" ಅಂದೆ, ಅಷ್ಟೇ.

"ವಾಪಸ್ ತಗೋತಾರಾ ಅಜ್ಜಿ?" ಅಂದಳು ಹುಡುಗಿ. ಪೆಡಲ್ ನೆಲಕ್ಕೆ ಉಜ್ಜಿ ತರಚಿತ್ತು, ಬಣ್ಣ ಕಿತ್ತು ಹೋಗಿತ್ತು. ಗೊತ್ತಿಲ್ಲ ಅಂದೆ.

ಮಾರನೆಯ ದಿನ ಬೆಳಿಗ್ಗೆ ಮಗ ಏಳುವ ಮುಂಚೆ ಅವಳನ್ನು ಎಬ್ಬಿಸಿ, ಸ್ಕೂಲು ಬೇಡ ಅಂದೆ. ಕೆರೆ ಪಕ್ಕದ ರಸ್ತೆಯಲ್ಲಿ ಶಿವಾಜಿನಗರದವರೆಗೂ ಸೈಕಲ್ಲು ನಾನೇ ತಳ್ಳಿದೆ. ಪೆಡಲ್ಲು ಹೆಜ್ಜೆಗೊಮ್ಮೆ ಮೊಣಕಾಲಿಗೆ ಬಡಿಯುತ್ತಿತ್ತು. ಅಂಗಡಿ ಇನ್ನೂ ತೆರೆದಿರಲಿಲ್ಲ, ಕಾದೆವು. ಅವನು ಬಂದು ಶಟರ್ ಎತ್ತಿದ. ಬಣ್ಣ ಕಿತ್ತದ್ದನ್ನು ನೋಡಿದ, ಹುಡುಗಿಯ ಮೊಣಕೈ ನೋಡಿದ.

"ನಾನು ನಿಮ್ಮ ಮಾತು ಕೇಳಲಿಲ್ಲ ಸಾಬ್ರೇ" ಅಂದೆ. "ಈಗ ಇವಳ ಹತ್ರ ಮಾತಾಡಿ. ಯಾವ್ದರ ಚಕ್ರ ಎತ್ತೋಕಾಗತ್ತೋ ಇವಳೇ ನೋಡ್ಲಿ." ಅವಳನ್ನು ಒಳಗೆ ಕಳಿಸಿ, ನಾನು ರಸ್ತೆ ಕಡೆ ಮುಖ ಮಾಡಿ ಮೆಟ್ಟಿಲ ಮೇಲೆ ಕೂತೆ.